ಕೋಶ

ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ವರ್ಷಗಟ್ಟಲೆ ದುಡಿದು ಅಥಣಿಯ ನಮ್ಮ ಮನೆಗೆ ಬಂದ ಅತ್ತೆಗೆ ಎದೆಯೊಳಗಿನ ಆ ಅಂಗದ ಹೆಸರೇ ಬೇಕಿರಲಿಲ್ಲ. ‘ದಮ್ಮ ಹತ್ತೇತಿ’ ಅಂದರೆ ಎಲ್ಲ ತಿಳಿಯುತ್ತಿತ್ತು. ಕಾಗವಾಡ ದಾಟಿ ಮಿರಜಿಗೆ ತೋರಿಸಲು ಹೋದಾಗ ಮರಾಠಿ ಡಾಕ್ಟರರು ‘ಫುಪ್ಫುಸ’ ಅಂದರು. ಸುಶ್ರುತ ಸಂಹಿತೆಯಷ್ಟು ಹಳೆಯ ಮಾತು. ಮರಳುವ ಬಸ್ಸಿನಲ್ಲಿ ಎಕ್ಸ್‌ರೇ ಲಕೋಟೆಯನ್ನು ಉಡಿಯಲ್ಲಿಟ್ಟುಕೊಂಡು ಅತ್ತೆ ಕೇಳಿದರು: ‘ನಮ್ಮ ಮಾತಿನಾಗ ಏನಂತಾರೋ ಅದಕ್ಕ?’ ‘ಶ್ವಾಸಕೋಶ’ ಅಂದೆ. ‘ಕೋಶ ಅಂದ್ರ?’

ಕತ್ತಿಯ ಒರೆ ಕೋಶ. ಬಿರಿಯದ ಮೊಗ್ಗು, ರೇಷ್ಮೆಹುಳುವಿನ ಗೂಡು, ರಾಜನ ಬೊಕ್ಕಸ, ಎಲ್ಲವೂ ಕೋಶವೇ. ಮಾತುಗಳನ್ನು ಕೂಡಿಟ್ಟದ್ದು ಅಮರಕೋಶ. ಕನ್ನಡದಲ್ಲಿ ನಾಗವರ್ಮನ ‘ಅಭಿಧಾನ ವಸ್ತುಕೋಶ’. ತೈತ್ತಿರೀಯ ಉಪನಿಷತ್ತಿನ ಅನ್ನಮಯ, ಪ್ರಾಣಮಯಗಳನ್ನೂ ಕೋಶಗಳೆಂದೇ ಕರೆದರು. ಎಲ್ಲ ಕಡೆ ಒಳಗೊಂದು ಬೆಲೆಬಾಳುವ ವಸ್ತು, ಅದಕ್ಕೊಂದು ಹೊದಿಕೆ.

1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ತೆಳು ಸೀಳಿನಲ್ಲಿ ಕಂಡ ಗೂಡುಗಳಿಗೆ ‘ಸೆಲ್’ ಅಂದ. ಪುಟ್ಟ ಕೋಣೆ ಎಂದರ್ಥ. ಒಣಗಿದ ಬೆಂಡು, ಕೋಣೆಗಳೆಲ್ಲ ಖಾಲಿ. ಕನ್ನಡದವರು ಅದನ್ನು ಜೀವಕೋಶ ಅಂದರು. ಖಾಲಿ ಕೋಣೆಗಿಂತ ಈ ಹೆಸರೇ ನಿಜಕ್ಕೆ ಹತ್ತಿರ ಅನ್ನುತ್ತೇನೆ.

ಶ್ವಾಸಕೋಶ, ಜೀವಕೋಶ ಎಂಬ ಈ ಎರಡು ಕೋಶಗಳು ಕೂಡುವ ಜಾಗ ಕಪ್ಪೆಯ ಭ್ರೂಣ. ಆಫ್ರಿಕಾದ ಕ್ಸೆನೋಪಸ್ ಕಪ್ಪೆಯಲ್ಲಿ ಶ್ವಾಸಕೋಶ ಹುಟ್ಟುವ ಬಗೆಯನ್ನು ಬಿಡಿಸಿ ನೋಡಿದವರು ಸಿನ್ಸಿನಾಟಿಯ ಆರನ್ ಜೋರ್ನ್ ಮತ್ತು ಸಂಗಡಿಗರು, 2016ರಲ್ಲಿ ಪ್ರಕಟಿಸಿದರು. ಭ್ರೂಣದ ಮುಂಗರುಳಿನ ನಾಳದ ಜೀವಕೋಶಗಳಿಗೆ ತಾವು ಮುಂದೆ ಏನಾಗಬೇಕೆಂಬುದು ಇನ್ನೂ ಗೊತ್ತಿರುವುದಿಲ್ಲ. ಮೊದಲು ‘ಎ’ ಜೀವಸತ್ವದಿಂದ ಹುಟ್ಟುವ ರೆಟಿನೋಯಿಕ್ ಆಮ್ಲ ಅವುಗಳನ್ನು ತಟ್ಟುತ್ತದೆ. ಅವು ಹೆಜ್‌ಹಾಗ್ ಎಂಬ ಪ್ರೋಟೀನನ್ನು ಪಕ್ಕದ ಪದರಕ್ಕೆ ಕಳಿಸುತ್ತವೆ. ಆ ಪದರ ವಿಂಟ್ ಮತ್ತು ಬಿಎಂಪಿ4 ಎಂಬ ಸಂಕೇತಗಳನ್ನು ಮರಳಿಸುತ್ತದೆ. ಆಗ ನಾಳದ ಹೊಟ್ಟೆಯ ಕಡೆಯ ಒಂದಿಷ್ಟು ಕೋಶಗಳಲ್ಲಿ ಎನ್‌ಕೆಎಕ್ಸ್2.1 ವಂಶವಾಹಿ ಎಚ್ಚರಗೊಳ್ಳುತ್ತದೆ. ಶ್ವಾಸಕೋಶ ಮೊಳೆಯುವುದು ಅಲ್ಲಿಂದ. ಕರೆದವರಿಗೆ ಓಗೊಡುವ ಓಣಿಯ ಮಂದಿಯ ಹಾಗೆ ಇದು. ನಡುವೆ ಯಾರೊಬ್ಬರು ಸುಮ್ಮನಾದರೂ ಉಸಿರಿಗೆ ಮನೆಯಿಲ್ಲ.

ಮನುಷ್ಯರ ಶ್ವಾಸಕೋಶ ಒಳಗೆಲ್ಲ ಕವಲೊಡೆದ ಮರ. ಕಪ್ಪೆಯದು ನಿಜವಾಗಿಯೂ ಚೀಲ, ಕೋಶ ಎಂಬ ಮಾತಿಗೆ ತಕ್ಕಂತೆ.

ಮಳೆಗಾಲದಲ್ಲಿ ರಾಯಬಾಗದ ಕಬ್ಬಿನ ಗದ್ದೆಯ ಕಾಲುವೆಗೆ ಅತ್ತೆಯನ್ನು ಕರೆದೊಯ್ದೆ. ಹಿಂಗಾಲು ಮೂಡಿದ ಕಪ್ಪೆಮರಿಯೊಂದು ಮೇಲೆದ್ದು, ನೀರಿನ ಮೇಲ್ಮೈಗೆ ಮೂತಿ ಹಚ್ಚಿ, ಒಂದು ಗುಟುಕು ಗಾಳಿ ನುಂಗಿ ಕೆಳಗಿಳಿಯಿತು. ಅತ್ತೆ ತಮ್ಮ ದಮ್ಮು ಹಿಡಿದುಕೊಂಡು ಅದು ಮತ್ತೆ ಮೇಲೆ ಬರುವವರೆಗೆ ಕಾದರು.