ಶ್ವಾಸಕೋಶ ಸೋತರೆ ಹೃದಯದ ಲಯವೂ ತಪ್ಪುತ್ತದೆ

ವಯಸ್ಸಾದವರಿಗೆ ಏದುಸಿರು ಜಾಸ್ತಿಯಾದಾಗ ‘ಅದು ಹಳೆಯ ದಮ್ಮು, ಚಳಿಗೆ ಹೆಚ್ಚಾಗಿದೆ’ ಎಂದು ಮನೆಯವರು ಸಮಾಧಾನ ಹೇಳುವುದು ಸಾಮಾನ್ಯ. ಬಹಳಷ್ಟು ಸಲ ಅದು ನಿಜವೂ ಹೌದು. ಆದರೆ ಕೆಲವು ಸಲ ಆ ಏದುಸಿರಿಗೆ ಶ್ವಾಸಕೋಶ ಮಾತ್ರವಲ್ಲ, ಲಯ ತಪ್ಪಿ ಬಡಿಯುತ್ತಿರುವ ಹೃದಯವೂ ಕಾರಣವಾಗಿರುತ್ತದೆ. ಇದನ್ನು ಸಕಾಲದಲ್ಲಿ ಗುರುತಿಸದಿದ್ದರೆ ಪಾರ್ಶ್ವವಾಯುವಿನವರೆಗೂ ಹೋಗಬಹುದು. ಗುರುತಿಸಲು ಮೊದಲು ಬೇಕಾಗುವುದು ಎರಡು ಬೆರಳು ಮತ್ತು ಒಂದು ಗಡಿಯಾರ. ಆದ್ದರಿಂದ ಈ ಎರಡು ಅಂಗಗಳ ನಂಟನ್ನು ಪ್ರತಿಯೊಂದು ಕುಟುಂಬವೂ ತಿಳಿದಿರುವುದು ಒಳ್ಳೆಯದು.

ಹೃದಯದ ಲಯ ಎಂದರೇನು?

ಹೃದಯಕ್ಕೆ ನಾಲ್ಕು ಕೋಣೆಗಳಿವೆ. ಮೇಲಿನ ಎರಡು ಹೃತ್ಕರ್ಣಗಳು, ಕೆಳಗಿನ ಎರಡು ಹೃತ್ಕುಕ್ಷಿಗಳು. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿರುವ ಒಂದು ಸಣ್ಣ ಗಂಟಿನಿಂದ ವಿದ್ಯುತ್ ಸಂಕೇತ ಹೊರಟು, ಕ್ರಮವಾಗಿ ಕೆಳಗಿಳಿದು ಹೃದಯವನ್ನು ಬಡಿಯುವಂತೆ ಮಾಡುತ್ತದೆ. ವಿಶ್ರಾಂತಿಯಲ್ಲಿರುವ ಆರೋಗ್ಯವಂತ ವಯಸ್ಕರಲ್ಲಿ ಇದು ನಿಮಿಷಕ್ಕೆ 60ರಿಂದ 100 ಸಲ ನಡೆಯುತ್ತದೆ. ಉಸಿರು ಒಳಗೆಳೆದಾಗ ಬಡಿತ ತುಸು ಬೇಗವಾಗುವುದು, ಹೊರಬಿಟ್ಟಾಗ ತುಸು ನಿಧಾನವಾಗುವುದು ಮಕ್ಕಳಲ್ಲಿ ಹಾಗೂ ಯುವಜನರಲ್ಲಿ ಸಹಜ. ಅದು ರೋಗವಲ್ಲ.

ಲಯದ ರೋಗಗಳಲ್ಲಿ ಹೆಚ್ಚಾಗಿ ಕಾಣಸಿಗುವುದು ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಹೃತ್ಕರ್ಣದ ಕಂಪನ. ಇದರಲ್ಲಿ ಮೇಲಿನ ಕೋಣೆಗಳು ಸರಿಯಾಗಿ ಸಂಕುಚಿಸದೆ ಬರೀ ನಡುಗುತ್ತವೆ. ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮೆದುಳಿಗೆ ಹೋದರೆ ಪಾರ್ಶ್ವವಾಯು. ಈ ಕಂಪನ ಇರುವವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು ಐದು ಪಟ್ಟು ಹೆಚ್ಚು ಎಂದು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನ 1991ರಲ್ಲಿ ತಿಳಿಸಿತು.

ಶ್ವಾಸಕೋಶದ ತೊಂದರೆ ಹೃದಯವನ್ನು ಮುಟ್ಟುವುದು ಹೇಗೆ?

ದೇಹದ ರಕ್ತವೆಲ್ಲ ಹೃದಯದ ಬಲಭಾಗಕ್ಕೆ ಬಂದು, ಅಲ್ಲಿಂದ ಶ್ವಾಸಕೋಶಕ್ಕೆ ಹೋಗಿ, ಆಮ್ಲಜನಕ ತುಂಬಿಕೊಂಡು ಎಡಭಾಗಕ್ಕೆ ಮರಳುತ್ತದೆ. ಬಲ ಹೃತ್ಕುಕ್ಷಿಯ ಗೋಡೆ ತೆಳುವಾದದ್ದು. ಕಡಿಮೆ ಒತ್ತಡದಲ್ಲಿ ಕೆಲಸ ಮಾಡಲು ಮಾತ್ರ ಅದು ತಯಾರಾಗಿದೆ.

ಶ್ವಾಸಕೋಶದಲ್ಲಿ ಆಮ್ಲಜನಕ ಕಡಿಮೆಯಾದರೆ ಅಲ್ಲಿನ ರಕ್ತನಾಳಗಳು ಬಿಗಿಯಾಗುತ್ತವೆ. ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ ಮತ್ತು ಲಿಲ್ಯೆಸ್ಟ್ರಾಂಡ್ 1946ರಲ್ಲಿ ಬೆಕ್ಕುಗಳಲ್ಲಿ ಇದನ್ನು ತೋರಿಸಿದರು. ಸ್ವಲ್ಪ ಹೊತ್ತು ಹೀಗಾದರೆ ತೊಂದರೆಯಿಲ್ಲ. ವರ್ಷಗಟ್ಟಲೆ ಹೀಗೇ ಇದ್ದರೆ ಬಲ ಹೃತ್ಕುಕ್ಷಿ ಹೆಚ್ಚಿನ ಒತ್ತಡದ ವಿರುದ್ಧ ದುಡಿದು ದಪ್ಪವಾಗುತ್ತದೆ, ಅದರ ಹಿಂದಿನ ಹೃತ್ಕರ್ಣ ಹಿಗ್ಗುತ್ತದೆ. ಹಿಗ್ಗಿದ ಗೋಡೆಯಲ್ಲಿ ವಿದ್ಯುತ್ ಸಂಕೇತ ದಾರಿ ತಪ್ಪುವುದು ಸುಲಭ. ಇದಕ್ಕೆ ಆಮ್ಲಜನಕದ ಕೊರತೆ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಳ, ಸೋಂಕಿನ ಉರಿಯೂತ ಮತ್ತು ಉಸಿರಿಗಾಗಿ ಹೋರಾಡುವಾಗ ದೇಹದಲ್ಲಿ ಏರುವ ಅಡ್ರಿನಾಲಿನ್ ಕೂಡ ಸೇರಿಕೊಳ್ಳುತ್ತವೆ.

ಇನ್ನೊಂದು ನಂಟು 1998ರಲ್ಲಿ ಬೆಳಕಿಗೆ ಬಂತು. ಫ್ರಾನ್ಸಿನ ಬೋರ್ಡೋ ನಗರದ ವೈದ್ಯ ಮಿಶೆಲ್ ಐಸಗೇರ್ ಮತ್ತು ಸಂಗಡಿಗರು ಆಗಾಗ ಹೃತ್ಕರ್ಣದ ಕಂಪನ ಕಾಣಿಸಿಕೊಳ್ಳುತ್ತಿದ್ದ 45 ರೋಗಿಗಳನ್ನು ಪರೀಕ್ಷಿಸಿದರು. ಕಂಪನ ಹುಟ್ಟಿಸುತ್ತಿದ್ದ ಜಾಗಗಳಲ್ಲಿ ಶೇಕಡಾ 94ರಷ್ಟು ಶ್ವಾಸಕೋಶದಿಂದ ಹೃದಯಕ್ಕೆ ರಕ್ತ ತರುವ ಪುಪ್ಪುಸ ಅಭಿಧಮನಿಗಳ ಒಳಗೇ ಇದ್ದವು. ಇಂದು ತೆಳು ನಳಿಕೆ ಹಾಕಿ ಮಾಡುವ ‘ಅಬ್ಲೇಶನ್’ ಚಿಕಿತ್ಸೆ ಬೆಳೆದು ಬಂದದ್ದು ಈ ಶೋಧನೆಯ ಮೇಲೆ.

ಯಾವ ಯಾವ ಕಾಯಿಲೆಗಳಲ್ಲಿ ಎಚ್ಚರ ಬೇಕು?

ಸಿಒಪಿಡಿ: ಹೊಗೆಯಿಂದ ಶ್ವಾಸನಾಳಗಳು ಕಿರಿದಾಗಿ, ಗಾಳಿಗೂಡುಗಳು ಹಾಳಾಗುವ ದೀರ್ಘಕಾಲದ ಕಾಯಿಲೆ ಇದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 35 ಲಕ್ಷ ಜನರು ಇದರಿಂದ ತೀರಿಕೊಂಡರು. ಭಾರತದಲ್ಲಿ 1990ರಲ್ಲಿ ಸುಮಾರು 2.8 ಕೋಟಿ ಇದ್ದ ರೋಗಿಗಳ ಸಂಖ್ಯೆ 2016ಕ್ಕೆ ಸುಮಾರು 5.5 ಕೋಟಿಗೆ ಏರಿತು ಎಂದು ಅಂದಾಜು. ಬೀಡಿ, ಸಿಗರೇಟು ಮಾತ್ರ ಕಾರಣವಲ್ಲ. ಎಂದೂ ಬೀಡಿ ಸೇದದ ನಮ್ಮ ತಾಯಂದಿರು ಸೌದೆ ಒಲೆಯ ಮುಂದೆ ಹತ್ತಾರು ವರ್ಷ ಕುಳಿತು ಈ ಕಾಯಿಲೆಗೆ ತುತ್ತಾಗುತ್ತಾರೆ. ಅಡುಗೆಮನೆಗೆ ಗ್ಯಾಸ್ ಬಂದರೂ ಕರಾವಳಿಯ ಎಷ್ಟೋ ಮನೆಗಳ ಬಚ್ಚಲಿನಲ್ಲಿ ತೆಂಗಿನ ಗರಿ, ಸಿಪ್ಪೆ ಉರಿಸಿ ಹಂಡೆಯ ನೀರು ಕಾಯಿಸುವುದು ನಿಂತಿಲ್ಲ. ಆ ಹೊಗೆಯೂ ಹೊಗೆಯೇ. ಸಿಒಪಿಡಿ ಇರುವವರಲ್ಲಿ ಹೃತ್ಕರ್ಣದ ಕಂಪನ ಇತರರಿಗಿಂತ ಹೆಚ್ಚು. ಕಾಯಿಲೆ ಉಲ್ಬಣಿಸಿದಾಗ, ಹೃತ್ಕರ್ಣದ ಹಲವು ಜಾಗಗಳಿಂದ ಒಟ್ಟಿಗೇ ಸಂಕೇತ ಹೊರಡುವ ಇನ್ನೊಂದು ಬಗೆಯ ವೇಗದ ಬಡಿತವೂ ಕಾಣಿಸಬಹುದು. ಶ್ವಾಸಕೋಶ ಸುಧಾರಿಸಿದಂತೆ ಅದು ತಾನಾಗಿ ತಗ್ಗುವುದುಂಟು.

ನಿದ್ದೆಯಲ್ಲಿ ಉಸಿರು ನಿಲ್ಲುವುದು: ಜೋರಾಗಿ ಗೊರಕೆ ಹೊಡೆಯುತ್ತಾ ನಡುವೆ ಉಸಿರು ನಿಂತು, ಮತ್ತೆ ಬೆಚ್ಚಿದಂತೆ ಉಸಿರೆಳೆಯುವುದು ಇದರ ಗುರುತು. ರಾತ್ರಿಯೆಲ್ಲ ಆಮ್ಲಜನಕ ಏರಿಳಿದು ಹೃದಯದ ಲಯ ಕೆಡುತ್ತದೆ.

ನ್ಯುಮೋನಿಯ: ತೀವ್ರ ಸೋಂಕಿನ ದಿನಗಳಲ್ಲಿ ಹೊಸದಾಗಿ ಲಯ ತಪ್ಪಬಹುದು. ಕೋವಿಡ್‌ನಿಂದ ಆಸ್ಪತ್ರೆ ಸೇರಿದವರಲ್ಲೂ ಇದನ್ನು ಕಂಡಿದ್ದಾರೆ.

ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು: ಶಸ್ತ್ರಚಿಕಿತ್ಸೆಯ ನಂತರ ಅಥವಾ ಬಹಳ ದಿನ ಹಾಸಿಗೆ ಹಿಡಿದವರಲ್ಲಿ ಹಠಾತ್ ಏದುಸಿರು, ಎದೆನೋವು, ವೇಗದ ಬಡಿತ ಬಂದರೆ ಇದನ್ನು ಸಂಶಯಿಸಬೇಕು. ಇದು ತುರ್ತುಸ್ಥಿತಿ.

ಔಷಧಗಳ ಬಗ್ಗೆ ಎರಡು ಮಾತು

ಸಾಲ್ಬುಟಮಾಲ್ ಇನ್‌ಹೇಲರ್ ಅಥವಾ ನೆಬ್ಯುಲೈಸರ್ ತೆಗೆದುಕೊಂಡ ಮೇಲೆ ಎದೆ ಡವಗುಟ್ಟುವುದು, ಕೈ ನಡುಗುವುದು ಸಾಮಾನ್ಯ. ಅತಿಯಾದರೆ ರಕ್ತದ ಪೊಟ್ಯಾಸಿಯಂ ಇಳಿದು ಲಯ ತಪ್ಪಬಹುದು. ಮೂತ್ರ ಹೆಚ್ಚಿಸುವ ಮಾತ್ರೆ ತಿನ್ನುವವರಲ್ಲಿ ಈ ಅಪಾಯ ಇನ್ನೂ ಹೆಚ್ಚು. ಹಾಗೆಂದು ಇನ್‌ಹೇಲರ್ ಬಿಟ್ಟುಬಿಡಬಾರದು. ವೈದ್ಯರು ಹೇಳಿದ ಪ್ರಮಾಣ ಮೀರದಿದ್ದರೆ ಸಾಕು.

ಥಿಯೋಫಿಲಿನ್ ಇರುವ ದಮ್ಮಿನ ಮಾತ್ರೆಗಳಲ್ಲಿ ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ. ಸಿಪ್ರೊಫ್ಲಾಕ್ಸಾಸಿನ್, ಎರಿಥ್ರೊಮೈಸಿನ್‌ನಂಥ ಆ್ಯಂಟಿಬಯೊಟಿಕ್ ಜೊತೆಗೆ ಸೇರಿದರೆ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ಮಾತ್ರೆ ತರಿಸುವ ಅಭ್ಯಾಸ ಇಲ್ಲಿ ನಿಜಕ್ಕೂ ಅಪಾಯಕಾರಿ.

ಹೃದಯದ ಕೆಲವು ಔಷಧಗಳೂ ಶ್ವಾಸಕೋಶಕ್ಕೆ ತೊಂದರೆ ಕೊಡಬಲ್ಲವು. ಪ್ರೊಪ್ರನೊಲಾಲ್ ಅಸ್ತಮಾ ಇರುವವರಿಗೆ ಆಗದು. ಲಯ ಸರಿಪಡಿಸಲು ಕೊಡುವ ಅಮಿಯೊಡರೋನ್ ಕೆಲವರ ಶ್ವಾಸಕೋಶವನ್ನೇ ಹಾಳುಮಾಡಬಹುದು. ಅದನ್ನು ತಿನ್ನುವವರಿಗೆ ಹೊಸದಾಗಿ ಒಣಕೆಮ್ಮು ಅಥವಾ ಏದುಸಿರು ಬಂದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಹೃದಯದ ವೈದ್ಯರ ಬಳಿ ಹೋಗುವಾಗ ದಮ್ಮಿನ ಮಾತ್ರೆಗಳನ್ನೂ, ಶ್ವಾಸಕೋಶದ ವೈದ್ಯರ ಬಳಿ ಹೋಗುವಾಗ ಹೃದಯದ ಮಾತ್ರೆಗಳನ್ನೂ ಒಂದೇ ಚೀಲದಲ್ಲಿ ಹಾಕಿ ಕೊಂಡುಹೋಗಿ ತೋರಿಸಿರಿ.

ನಾಡಿ ನೋಡುವ ಕ್ರಮ

1. ರೋಗಿಯನ್ನು ಐದು ನಿಮಿಷ ಸುಮ್ಮನೆ ಕುಳ್ಳಿರಿಸಿ.
2. ಅವರ ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ನಿಮ್ಮ ತೋರುಬೆರಳು ಮತ್ತು ನಡುಬೆರಳನ್ನು ಇಡಿ. ಹೆಬ್ಬೆರಳು ಬೇಡ.
3. ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಎಣಿಸಿ.
4. ಸಂಖ್ಯೆಯ ಜೊತೆಗೆ ತಾಳವನ್ನೂ ಗಮನಿಸಿ. ಬಡಿತಗಳ ನಡುವಿನ ಅಂತರ ಒಂದೇ ಸಮನಾಗಿದೆಯೇ, ಅಡ್ಡಾದಿಡ್ಡಿಯಾಗಿದೆಯೇ?

ತಾಳ ಅಡ್ಡಾದಿಡ್ಡಿಯಾಗಿದ್ದರೆ, ಅಥವಾ ವಿಶ್ರಾಂತಿಯಲ್ಲೂ ಬಡಿತ 100 ದಾಟುತ್ತಿದ್ದರೆ ಇಸಿಜಿ ಮಾಡಿಸಬೇಕು. ಲಯ ಬಂದು ಹೋಗುವಂಥದ್ದಾದರೆ ಒಂದು ದಿನ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಮೈಮೇಲೆ ಕಟ್ಟಿಕೊಳ್ಳುವ ಹೋಲ್ಟರ್ ಯಂತ್ರ ಬೇಕಾಗುತ್ತದೆ.

ತಲೆಸುತ್ತಿ ಬೀಳುವುದು, ಎದೆನೋವು, ತುಟಿ ನೀಲಿಯಾಗುವುದು, ಬಾಯಿ ಸೊಟ್ಟಗಾಗುವುದು, ಒಂದು ಕೈ ಬಲ ಕಳೆದುಕೊಳ್ಳುವುದು, ಮಾತು ತೊದಲುವುದು, ಇವುಗಳಲ್ಲಿ ಯಾವುದು ಕಂಡರೂ ಕಾಯಬೇಡಿ, 108ಕ್ಕೆ ಕರೆ ಮಾಡಿ. ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು.

ಚಿಕಿತ್ಸೆ ಎರಡಕ್ಕೂ ಬೇಕು

ಶ್ವಾಸಕೋಶವನ್ನು ಹಾಗೆಯೇ ಬಿಟ್ಟು ಲಯಕ್ಕೆ ಮಾತ್ರ ಮದ್ದು ಕೊಟ್ಟರೆ ಲಯ ಮತ್ತೆ ತಪ್ಪುವ ಸಾಧ್ಯತೆ ಹೆಚ್ಚು. ಸೋಂಕು ವಾಸಿಯಾಗಬೇಕು, ಆಮ್ಲಜನಕ ಸರಿಯಾಗಬೇಕು, ಪೊಟ್ಯಾಸಿಯಂ ಮಟ್ಟ ನೋಡಬೇಕು. ಹೃತ್ಕರ್ಣದ ಕಂಪನ ಖಚಿತವಾದರೆ, ರೋಗಿಯ ವಯಸ್ಸು ಮತ್ತು ಇತರ ಕಾಯಿಲೆಗಳನ್ನು ನೋಡಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ ಕೊಡುತ್ತಾರೆ. ಆಸ್ಪಿರಿನ್ ಅದಕ್ಕೆ ಬದಲಿಯಲ್ಲ. ‘ಈಗ ಆರಾಮವಿದೆ’ ಎಂದು ಈ ಔಷಧವನ್ನು ತಾವಾಗಿ ನಿಲ್ಲಿಸಬಾರದು.

ಮನೆಯಲ್ಲಿ ಆಮ್ಲಜನಕ ಇಟ್ಟುಕೊಂಡಿರುವ ಸಿಒಪಿಡಿ ರೋಗಿಗಳ ಕುಟುಂಬದವರು ಒಂದು ವಿಷಯ ನೆನಪಿಡಬೇಕು. ಇವರಲ್ಲಿ ಅನೇಕರಿಗೆ ವೈದ್ಯರು ನಿಗದಿಪಡಿಸುವ ಗುರಿ ಶೇಕಡಾ 88ರಿಂದ 92. ಬೆರಳಿಗೆ ಹಾಕುವ ಯಂತ್ರದಲ್ಲಿ 100 ಕಾಣಲೆಂದು ಆಮ್ಲಜನಕ ಹೆಚ್ಚಿಸಿದರೆ ಇಂಗಾಲದ ಡೈಆಕ್ಸೈಡ್ ಏರಿ ಅಪಾಯವಾದೀತು.

ನಾವೇನು ಮಾಡಬಹುದು?

ಬೀಡಿ, ಸಿಗರೇಟು ಬಿಡುವುದೇ ಮೊದಲ ಮದ್ದು, ಯಾವ ವಯಸ್ಸಿನಲ್ಲಿ ಬಿಟ್ಟರೂ ಲಾಭವಿದೆ. ಥಿಯೋಫಿಲಿನ್ ತಿನ್ನುತ್ತಿರುವವರು ಬಿಟ್ಟದ್ದನ್ನು ವೈದ್ಯರಿಗೆ ಹೇಳಬೇಕು, ಏಕೆಂದರೆ ಧೂಮಪಾನ ನಿಂತಾಗ ಆ ಔಷಧದ ಪ್ರಮಾಣ ಕಡಿಮೆ ಮಾಡಬೇಕಾಗುತ್ತದೆ. ಬಚ್ಚಲಿನ ಹೊಗೆ ಹೊರಹೋಗಲು ಕೊಳವೆ ಹಾಕಿಸಿ. ಕಾಯಿಲೆಯವರು ಒಲೆಯ ಹತ್ತಿರ ಕೂರದಂತೆ ನೋಡಿಕೊಳ್ಳಿ. ಫ್ಲೂ ಮತ್ತು ನ್ಯುಮೋನಿಯ ಲಸಿಕೆಗಳ ಬಗ್ಗೆ ವೈದ್ಯರನ್ನು ಕೇಳಿ.

ವಾರ್ಡಿನ ಗುರಿಕಾರರು, ಧರ್ಮಭಗಿನಿಯರು ಹಾಗೂ ಸಂಘಗಳ ಸದಸ್ಯರು ಹಾಸಿಗೆ ಹಿಡಿದ ಹಿರಿಯರ ಮನೆಗೆ ಹೋಗಿ ಬರುವವರು. ಮಕ್ಕಳೆಲ್ಲ ಮುಂಬಯಿಯಲ್ಲೋ ಕೊಲ್ಲಿ ದೇಶಗಳಲ್ಲೋ ಇದ್ದು, ಅಜ್ಜ ಅಜ್ಜಿ ಇಬ್ಬರೇ ಇರುವ ಮನೆಗಳು ನಮ್ಮಲ್ಲಿ ಬಹಳ ಇವೆ. ‘ಕಳೆದ ವಾರಕ್ಕಿಂತ ಏದುಸಿರು ಜಾಸ್ತಿಯಾಗಿದೆಯಾ? ಎದೆ ಡವಡವ ಅನ್ನುತ್ತದಾ?’ ಎಂದು ಕೇಳಿ, ಒಂದು ನಿಮಿಷ ನಾಡಿ ಹಿಡಿದು ನೋಡಿರಿ. ಸಂಶಯ ಬಂದರೆ ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಅಂದೇ ಕರೆದುಕೊಂಡು ಹೋಗಿರಿ.