ಹವಾಮಾನ ಬದಲಾವಣೆ ಮತ್ತು ಜನಸಂಖ್ಯೆ

ಕಲ್ಲಿದ್ದಲು, ಪೆಟ್ರೋಲಿಯಂ, ನೈಸರ್ಗಿಕ ಅನಿಲಗಳ ದಹನ, ಅರಣ್ಯನಾಶ ಮತ್ತು ಕೃಷಿಯಿಂದ ಹೊರಬೀಳುವ ಅನಿಲಗಳು ಭೂಮಿಯ ಶಾಖ ಬಾಹ್ಯಾಕಾಶಕ್ಕೆ ಹೋಗದಂತೆ ತಡೆಯುತ್ತವೆ. ಇಂದಿನ ಹವಾಮಾನ ಬದಲಾವಣೆಯ ಮುಖ್ಯ ಕಾರಣ ಇದೇ. ಕೈಗಾರಿಕಾ ಕ್ರಾಂತಿಗೆ ಮುನ್ನ ಗಾಳಿಯ ಪ್ರತಿ ಹತ್ತು ಲಕ್ಷ ಅಣುಗಳಲ್ಲಿ ಈ ಅನಿಲಗಳಲ್ಲಿ ಮುಖ್ಯವಾದ ಇಂಗಾಲದ ಡೈಆಕ್ಸೈಡ್‌ನ ಸುಮಾರು 280 ಅಣುಗಳಿದ್ದವು. 1958ರಲ್ಲಿ ವಿಜ್ಞಾನಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಪರ್ವತದಲ್ಲಿ ಅಳತೆ ಆರಂಭಿಸಿದಾಗ ಅವು 315ರ ಆಸುಪಾಸಿನಲ್ಲಿದ್ದವು. ಈಗ 420ನ್ನು ದಾಟಿವೆ.

1960ರಲ್ಲಿ 300 ಕೋಟಿಯಷ್ಟಿದ್ದ ವಿಶ್ವದ ಜನಸಂಖ್ಯೆ 2022ರಲ್ಲಿ 800 ಕೋಟಿ ಮುಟ್ಟಿತು. ಜನ ಹೆಚ್ಚಿದಂತೆ ಅನ್ನ, ನೀರು, ಇಂಧನಗಳ ಬೇಡಿಕೆ, ಅದರೊಂದಿಗೆ ಈ ಅನಿಲಗಳೂ ಹೆಚ್ಚುವುದು ಸಹಜ. ಆದರೆ ತಲೆ ಎಣಿಸಿ ಹವಾಮಾನ ಬದಲಾವಣೆಯ ಹೊಣೆ ಹಂಚುವುದು ನ್ಯಾಯವಲ್ಲ. ಅಮೆರಿಕದಲ್ಲಿ ವರ್ಷಕ್ಕೆ ತಲಾ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್ ಹೊಮ್ಮಿದರೆ ಭಾರತದಲ್ಲಿ ಅದು ಸುಮಾರು 2 ಟನ್. ಜನನ ಪ್ರಮಾಣ ತುಂಬಾ ಹೆಚ್ಚಿರುವ, ಪಶ್ಚಿಮ ಆಫ್ರಿಕಾದ ನೈಜರ್‌ನ ಪಾಲು ತೀರಾ ಅಲ್ಪ; ಬರದ ಹೊಡೆತ ಮಾತ್ರ ಅಲ್ಲಿಯವರಿಗೇ ಜಾಸ್ತಿ.

ಹೆಣ್ಣುಮಕ್ಕಳ ಶಿಕ್ಷಣ ಮತ್ತು ಆರೋಗ್ಯ ಸೇವೆ ವಿಸ್ತರಿಸಿದ ಕಡೆಗಳಲ್ಲಿ ಬಲವಂತವಿಲ್ಲದೆಯೇ ಜನನ ಪ್ರಮಾಣ ಇಳಿದಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಮಹಿಳೆಯೊಬ್ಬರಿಗೆ ಸರಾಸರಿ ಮಕ್ಕಳ ಸಂಖ್ಯೆ ಭಾರತದಲ್ಲಿ 2.0, ಕರ್ನಾಟಕದಲ್ಲಿ 1.7. ಆದರೂ ಯುವಜನರ ಸಂಖ್ಯೆ ದೊಡ್ಡದಿರುವುದರಿಂದ ದೇಶದ ಜನಸಂಖ್ಯೆ ಇನ್ನೂ ಕೆಲವು ದಶಕ ಏರಲಿದೆ.