ಮುಖಾಮುಖಿಯಿಂದ ಒಟ್ಟು ಮೊತ್ತಕ್ಕೆ: ಪಿಜಿಎ ಚಾಂಪಿಯನ್‌ಷಿಪ್‌ನ ಪದ್ಧತಿ ಬದಲಾವಣೆಯ ಹಿನ್ನೆಲೆ

ವೃತ್ತಿಪರ ಗಾಲ್ಫ್‌ನ ನಾಲ್ಕು ಮೇಜರ್ ಪಂದ್ಯಾವಳಿಗಳ ಪೈಕಿ ಗೆಲುವನ್ನು ನಿರ್ಣಯಿಸುವ ಪದ್ಧತಿಯನ್ನೇ ಬದಲಿಸಿಕೊಂಡದ್ದು ಅಮೆರಿಕದ ಪಿಜಿಎ ಚಾಂಪಿಯನ್‌ಷಿಪ್ ಒಂದೇ. 1957ರವರೆಗೆ ಅದು ಇಬ್ಬರ ಮುಖಾಮುಖಿಯ ಮ್ಯಾಚ್ ಪ್ಲೇ, 1958ರಿಂದ ಒಟ್ಟು ಹೊಡೆತಗಳನ್ನು ಎಣಿಸುವ ಸ್ಟ್ರೋಕ್ ಪ್ಲೇ. ಟೆಲಿವಿಷನ್ ಬಂತು, ಪದ್ಧತಿ ಬದಲಾಯಿತು ಎಂದು ಇದನ್ನು ಒಂದೇ ವಾಕ್ಯದಲ್ಲಿ ಮುಗಿಸುವುದು ವಾಡಿಕೆ. ಟೆಲಿವಿಷನ್ನಿನ ಪಾತ್ರ ನಿಜವಾದುದೇ. ಆದರೆ ಕ್ಲಬ್‌ಗಳಲ್ಲಿ ದುಡಿಯುವ ವೃತ್ತಿಪರರು ಮತ್ತು ಊರೂರು ತಿರುಗಿ ಆಡುವ ತಾರೆಯರ ನಡುವೆ ಅದಕ್ಕಿಂತ ಹಳೆಯದಾದ ಒಂದು ಎಳೆದಾಟವಿತ್ತು. ಅದನ್ನು ಬಿಟ್ಟು ಈ ಬದಲಾವಣೆಯನ್ನು ವಿವರಿಸಲಾಗದು ಎಂಬುದು ಈ ಲೇಖನದ ವಾದ.

ಪಂದ್ಯಾವಳಿ ಹುಟ್ಟಿದ್ದು ಒಂದು ವೃತ್ತಿ ಸಂಘದ ಮಡಿಲಲ್ಲಿ. ಡಿಪಾರ್ಟ್‌ಮೆಂಟ್ ಸ್ಟೋರ್‌ಗಳ ಒಡೆಯ ರಾಡ್‌ಮನ್ ವಾನಮೇಕರ್ 1916ರ ಜನವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಗಾಲ್ಫ್ ವೃತ್ತಿಪರರನ್ನು ಊಟಕ್ಕೆ ಕರೆದರು. ಏಪ್ರಿಲ್‌ನಲ್ಲಿ ಅಮೆರಿಕದ ಪಿಜಿಎ ಸ್ಥಾಪನೆಯಾಯಿತು. ಅದರ ಸದಸ್ಯರೆಂದರೆ ಕ್ಲಬ್ಬಿನ ಶ್ರೀಮಂತ ಸದಸ್ಯರಿಗೆ ಆಟ ಕಲಿಸುವವರು, ಗಾಲ್ಫ್ ಕೋಲುಗಳನ್ನು ದುರಸ್ತಿ ಮಾಡಿ ಮಾರುವವರು. ತಾವು ಕೆಲಸ ಮಾಡುವ ಕ್ಲಬ್‌ಹೌಸಿನೊಳಗೆ ಕಾಲಿಡಲು ಅವರಲ್ಲಿ ಅನೇಕರಿಗೆ ಅನುಮತಿಯಿರಲಿಲ್ಲ. ಅದೇ ಅಕ್ಟೋಬರ್‌ನಲ್ಲಿ ಬ್ರಾಂಕ್ಸ್‌ವಿಲ್‌ನ ಸಿವನಾಯ್ ಕಂಟ್ರಿ ಕ್ಲಬ್ಬಿನಲ್ಲಿ ನಡೆದ ಮೊದಲ ಫೈನಲ್‌ನಲ್ಲಿ ಜಿಮ್ ಬಾರ್ನ್ಸ್ ಅವರು ಜಾಕ್ ಹಚಿಸನ್ ಅವರನ್ನು ಒಂದು ಹೋಲ್ ಅಂತರದಿಂದ ಸೋಲಿಸಿ 500 ಡಾಲರ್ ಗೆದ್ದರು.

ಮ್ಯಾಚ್ ಪ್ಲೇಯಲ್ಲಿ ಆಟ ಇಬ್ಬರ ನಡುವಿನದು, ಪ್ರತಿ ಹೋಲ್ ಬೇರೆ ಬೇರೆ ಲೆಕ್ಕ. ಒಂದು ಹೋಲ್‌ನಲ್ಲಿ ನಾಲ್ಕರ ಬದಲು ಎಂಟು ಹೊಡೆತ ತೆಗೆದುಕೊಂಡರೂ ಕಳೆದುಕೊಳ್ಳುವುದು ಆ ಒಂದು ಹೋಲ್ ಮಾತ್ರ. ಮುಂದಿನದನ್ನು ಗೆದ್ದರೆ ಲೆಕ್ಕ ಸಮ. ಎದುರಾಳಿಯ ಮನಸ್ಸನ್ನು ಓದಬಲ್ಲವನಿಗೆ ಇದು ಹೇಳಿ ಮಾಡಿಸಿದ ಪದ್ಧತಿ. ವಾಲ್ಟರ್ ಹೇಗನ್ ಇದರ ಅತ್ಯುತ್ತಮ ಸಾಕ್ಷಿ. 1921ರಲ್ಲಿ ಒಮ್ಮೆ, ಆಮೇಲೆ 1924ರಿಂದ 1927ರವರೆಗೆ ಸತತ ನಾಲ್ಕು ಬಾರಿ ಅವರು ಪ್ರಶಸ್ತಿ ಗೆದ್ದರು. ಸತತ 22 ಪಂದ್ಯಗಳ ಆ ಜೈತ್ರಯಾತ್ರೆಯನ್ನು 1928ರಲ್ಲಿ ಲಿಯೊ ಡೀಗಲ್ ಮುರಿದರು. ಹೀಗೆ ಒಬ್ಬರಾದ ಮೇಲೆ ಒಬ್ಬರನ್ನು ಎದುರಿಗೆ ನಿಂತು ಸೋಲಿಸಿ ಕಟ್ಟಿದ ದಾಖಲೆ, ನನ್ನ ದೃಷ್ಟಿಯಲ್ಲಿ, ಮೇಜರ್‌ಗಳ ಚರಿತ್ರೆಯಲ್ಲೇ ಅತ್ಯಂತ ಕಡಿಮೆ ಬೆಲೆ ಸಂದ ಸಾಧನೆ.

ಪದ್ಧತಿಯ ಭಾರ ಆಟಗಾರರ ದೇಹದ ಮೇಲೂ ಬೀಳುತ್ತಿತ್ತು. ಕೊನೆಯ ಸುತ್ತುಗಳಲ್ಲಿ ದಿನಕ್ಕೆ 36 ಹೋಲ್ ನಡೆಯಬೇಕು. 1946 ಮತ್ತು 1948ರಲ್ಲಿ ಗೆದ್ದಿದ್ದ ಬೆನ್ ಹೋಗನ್ 1949ರ ಕಾರು ಅಪಘಾತದಲ್ಲಿ ಕಾಲುಗಳಿಗೆ ತೀವ್ರ ಪೆಟ್ಟಾದ ಮೇಲೆ ಇಲ್ಲಿಗೆ ಬರುವುದನ್ನೇ ನಿಲ್ಲಿಸಿದರು. 1953ರಲ್ಲಿ ಅವರು ಉಳಿದ ಮೂರೂ ಮೇಜರ್‌ಗಳನ್ನು ಗೆದ್ದಾಗ ಪಿಜಿಎಯ ದಿನಗಳು ಬ್ರಿಟಿಷ್ ಓಪನ್‌ನ ದಿನಗಳೊಂದಿಗೆ ತಳುಕು ಹಾಕಿಕೊಂಡಿದ್ದವು. ಎರಡರಲ್ಲೂ ಆಡುವುದು ಸಾಧ್ಯವೇ ಇರಲಿಲ್ಲ. ಅವರು ಮರಳಿದ್ದು 1960ರಲ್ಲಿ, ಪದ್ಧತಿ ಬದಲಾದ ಬಳಿಕ. ಕಾಲದ ಅತಿ ದೊಡ್ಡ ಆಟಗಾರನೇ ದೂರ ಉಳಿಯುವ ಚಾಂಪಿಯನ್‌ಷಿಪ್ ತನ್ನ ಹೆಸರಿಗೆ ತಾನೇ ಕುಂದು ತಂದುಕೊಳ್ಳುತ್ತದೆ.

1957ರಲ್ಲಿ ಡೇಟನ್‌ನಲ್ಲಿ ಲಿಯೊನೆಲ್ ಎಬರ್ ಎದುರು ಫೈನಲ್ ಸೋತ ಡೌ ಫಿನ್‌ಸ್ಟರ್‌ವಾಲ್ಡ್, ಮರುವರ್ಷ ಲಾನರ್ಕ್‌ನಲ್ಲಿ ನಾಲ್ಕು ಸುತ್ತುಗಳ, 72 ಹೋಲ್‌ಗಳ ಒಟ್ಟು ಹೊಡೆತಗಳ ಲೆಕ್ಕದಲ್ಲಿ ಗೆದ್ದರು. ಮ್ಯಾಚ್ ಪ್ಲೇಯಲ್ಲಿ ತಾರೆಯರು ವಾರದ ಆರಂಭದಲ್ಲೇ ಹೊರಬೀಳಬಹುದು. ಫೈನಲ್ ಕೊನೆಯ ಹೋಲ್ ತಲುಪುವ ಮೊದಲೇ ಮುಗಿಯಬಹುದು. ಪ್ರಸಾರಕರಿಗೆ ಇವೆರಡೂ ಅಪಥ್ಯ. ಕ್ಲಬ್ ವೃತ್ತಿಪರನಿಗೆ ಮಾತ್ರ ಒಂದು ಬೆಳಗಿನ ಮಟ್ಟಿಗಾದರೂ ದೊಡ್ಡ ಹೆಸರೊಂದನ್ನು ಮನೆಗೆ ಕಳಿಸುವ ಅವಕಾಶವಿತ್ತು. ಅವನು ಕಳೆದುಕೊಂಡದ್ದು ಅದನ್ನು. ಹತ್ತು ವರ್ಷಗಳಲ್ಲಿ ಕ್ಲಬ್ ವೃತ್ತಿಪರರು ಮತ್ತು ತಾರೆಯರ ನಡುವಿನ ಬಿರುಕು ಸಂಘಟನೆಯನ್ನೇ ಸೀಳಿತು: 1968ರಲ್ಲಿ ಪ್ರವಾಸಿ ಆಟಗಾರರು ಬೇರೆಯಾದರು, ಅವರ ಸಂಸ್ಥೆಯೇ ಮುಂದೆ ಪಿಜಿಎ ಟೂರ್ ಆಯಿತು.

ಸಂಘದ ಬಾಗಿಲು ಎಲ್ಲರಿಗೂ ತೆರೆದಿತ್ತೆಂದು ಭಾವಿಸಬಾರದು. ಸದಸ್ಯತ್ವವನ್ನು ಬಿಳಿಯರಿಗೆ ಮೀಸಲಿಟ್ಟ ನಿಯಮ 1961ರ ನವೆಂಬರ್‌ವರೆಗೂ ಉಳಿದಿತ್ತು. ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಸ್ಟ್ಯಾನ್ಲಿ ಮಾಸ್ಕ್ ಅದರ ವಿರುದ್ಧ ನಿಂತ ಕಾರಣ 1962ರ ಪಂದ್ಯಾವಳಿ ಲಾಸ್ ಏಂಜಲೀಸ್‌ನಿಂದ ಪೆನ್ಸಿಲ್ವೇನಿಯಾದ ಅರಾನಿಮಿಂಕ್‌ಗೆ ಹೋಯಿತು. ಕೆಳಗಿನವರ ಘನತೆಗಾಗಿ ಹುಟ್ಟಿದ ಸಂಘ ತನಗಿಂತ ಕೆಳಗಿದ್ದವರನ್ನು ಹೊರಗಿಟ್ಟದ್ದನ್ನು ಚರಿತ್ರಕಾರ ಅಡಿಟಿಪ್ಪಣಿಗೆ ತಳ್ಳಿಬಿಡುವಂತಿಲ್ಲ.

ಈಗಿನ ಸ್ವರೂಪ ಸರಳ: 156 ಆಟಗಾರರು, ಎರಡು ಸುತ್ತುಗಳ ಬಳಿಕ ಮೊದಲ 70 ಸ್ಥಾನಗಳವರು ಮತ್ತು ಅವರೊಡನೆ ಸಮನಾದವರು ಮುಂದಕ್ಕೆ, ಅಗ್ರಸ್ಥಾನದಲ್ಲಿ ಸಮಬಲವಾದರೆ 2000ದಿಂದ ಮೂರು ಹೋಲ್‌ಗಳ ಒಟ್ಟು ಲೆಕ್ಕ. 2019ರಿಂದ ಇದು ಆಗಸ್ಟ್‌ನಿಂದ ಮೇ ತಿಂಗಳಿಗೆ ಸರಿದಿದೆ. ಭಾರತೀಯರಿಗೂ ಇಲ್ಲಿ ನೆನಪುಗಳಿವೆ. ಬೆಂಗಳೂರನ್ನು ನೆಲೆ ಮಾಡಿಕೊಂಡಿದ್ದ ಅನಿರ್ಬನ್ ಲಾಹಿರಿ 2015ರಲ್ಲಿ ವಿಸ್ಲಿಂಗ್ ಸ್ಟ್ರೈಟ್ಸ್‌ನಲ್ಲಿ ಜಂಟಿ ಐದನೇ ಸ್ಥಾನ ಪಡೆದರು.

ಆದರೂ ಹುಟ್ಟಿನ ಗುರುತು ಅಳಿದಿಲ್ಲ. 20 ಸ್ಥಾನಗಳು ಇಂದಿಗೂ ಕ್ಲಬ್ ವೃತ್ತಿಪರರಿಗೆ ಮೀಸಲು. ಅವರದೇ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಮುಂದೆ ಬಂದವರು ಇಲ್ಲಿಗೆ ಬರುತ್ತಾರೆ. ಬಲಿಷ್ಠ ಆಟಗಾರರ ಜಾಗ ಹಾಳಾಗುತ್ತದೆಂಬ ಆಕ್ಷೇಪವನ್ನು ನಾನು ಒಪ್ಪಲಾರೆ. ಬಹುಪಾಲು ಮಂದಿ ಎರಡನೇ ದಿನಕ್ಕೇ ಹಿಂತಿರುಗುತ್ತಾರೆ ಎಂಬುದು ನಿಜ. ಆದರೆ 2023ರಲ್ಲಿ ಓಕ್ ಹಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಕ್ಲಬ್ ವೃತ್ತಿಪರ ಮೈಕೆಲ್ ಬ್ಲಾಕ್, ರೋರಿ ಮ್ಯಾಕಿಲ್‌ರಾಯ್ ಜೊತೆ ಆಡಿದ ಕೊನೆಯ ಸುತ್ತಿನಲ್ಲಿ 15ನೇ ಹೋಲ್‌ಗೆ ಒಂದೇ ಹೊಡೆತದಲ್ಲಿ ಚೆಂಡು ಸೇರಿಸಿ ಜಂಟಿ 15ನೇ ಸ್ಥಾನ ಗಳಿಸಿದರು. ಮರುವರ್ಷ ಅವರು ಮೀಸಲು ಸ್ಥಾನದ ಹಂಗಿಲ್ಲದೆ, ಆ ಸ್ಥಾನದಿಂದ ದೊರೆತ ನೇರ ಅರ್ಹತೆಯ ಮೇಲೆ ವಲ್ಹಲ್ಲಾದಲ್ಲಿ ಆಡಿದರು.